ಬೆಟ್ಟ ಹತ್ತಿದ ಶಾಲೆ

ಆ ಭಾನುವಾರ ಆರಾಧನೆ ಮುಗಿದರೂ ಪಾದ್ರಿಗಳು ಪೀಠ ಬಿಟ್ಟು ಇಳಿಯಲಿಲ್ಲ. ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು, ಕೆಮ್ಮಿದರು. ನಮ್ಮೂರಿಗೆ ಕೆಮ್ಮು ಹೊಸದಲ್ಲ. ಕಲ್ಲಿನ ಧೂಳು ಕುಡಿದು ಬದುಕುವ ಗಂಡಸರು ಪ್ರಾರ್ಥನೆಯ ನಡುವೆಯೂ ಕೆಮ್ಮುತ್ತಲೇ ಇರುತ್ತಾರೆ. ಆದರೆ ಪಾದ್ರಿಗಳ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಧೂಳಲ್ಲ, ಯಾವುದೋ ಮಾತು ಅಂತ ಎಲ್ಲರಿಗೂ ಗೊತ್ತಾಯಿತು.

“ಮಿಷನ್‌ನವರು ಒಂದು ತೀರ್ಮಾನ ಮಾಡಿದ್ದಾರೆ,” ಅಂದರು ಕೊನೆಗೆ. “ಶಾಲೆ ಇರೋ ಜಾಗನ ಕ್ವಾರಿಯವರಿಗೆ ಬಿಟ್ಟುಕೊಡ್ತಾರಂತೆ. ಈ ಚಳಿಗಾಲದಿಂದ ನಮ್ಮ ಮಕ್ಕಳು ಕಣಿವೆಯ ದೊಡ್ಡ ಶಾಲೆಗೆ ಹೋಗ್ತಾರೆ. ಅಲ್ಲಿ ಹಾಸ್ಟೆಲ್ ಇದೆ, ಹೊತ್ತು ಹೊತ್ತಿಗೆ ಊಟ ಇದೆ, ಬಿಸಿನೀರಿದೆ. ದೇವರು ದೊಡ್ಡವನು.”

ಯಾರೂ ಆಮೆನ್ ಅನ್ನಲಿಲ್ಲ. ನನ್ನ ಪಕ್ಕದಲ್ಲಿದ್ದ ಅತ್ತೆ, ಅಪ್ಪನ ಅಕ್ಕ, ಎದ್ದು ನಿಂತಳು.

“ಪಾದ್ರಿಗಳೇ, ಒಂದನೇ ತರಗತಿಯ ಮಗು ಕಣಿವೆಗೆ ಹೇಗೆ ಹೋಗುತ್ತೆ?”

“ಹಾಸ್ಟೆಲ್ ಇದೆ ಅಂದೆನಲ್ಲಮ್ಮ.”

“ಅಲ್ಲಿ ಅಮ್ಮ ಬೇಕು ಅಂತ ಅತ್ತರೆ?”

“ನೋಡಿಕೊಳ್ಳೋರು ಯಾರಾದರೂ ಇರ್ತಾರೆ.”

“ಯಾರು?”

ಪಾದ್ರಿಗಳು ಕರ್ಚೀಫು ಮಡಚಿ ಜೇಬಿಗೆ ಹಾಕಿ ಪೀಠ ಇಳಿದರು. ಪಾಪ, ಅವರು ಓಲೆಕಾರರ ಹಾಗೆ ಹೇಳಿಕಳಿಸಿದ್ದನ್ನು ಹೇಳಿದ್ದರು ಅಷ್ಟೆ. ನಾನು ತಿರುಗಿ ಹಿಂದಿನ ಬೆಂಚಿನಲ್ಲಿದ್ದ ಅಪ್ಪನನ್ನು ನೋಡಿದೆ. ಅಪ್ಪ ಕ್ವಾರಿಯ ಮೇಸ್ತ್ರಿ. ತನ್ನ ಅಂಗೈಯನ್ನು ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿಕೊಳ್ಳುತ್ತಿದ್ದ. ಅಪ್ಪನಿಗೆ ವಿಷಯ ಮೊದಲೇ ಗೊತ್ತಿತ್ತು ಅನ್ನುವುದು ಆಗ ನನಗೆ ಹೊಳೆಯಿತು.

ಶಾಲೆ ಹುಟ್ಟಿದ್ದು ಹೇಗೆ ಅಂತ ಹೇಳದಿದ್ದರೆ ಅತ್ತೆಯ ಹಠ ಅರ್ಥವಾಗುವುದಿಲ್ಲ.

ನಮ್ಮ ಬೆಟ್ಟದ್ದು ಕಪ್ಪು ಕಲ್ಲು. ಉಳಿ ಇಟ್ಟು ಹದವಾಗಿ ಒಂದು ಪೆಟ್ಟು ಕೊಟ್ಟರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ದಪ್ಪ ಪದರ ಮನೆಗಳ ಚಾವಣಿಗೆ ಹೋಗುತ್ತದೆ. ತೆಳು ಪದರ ಆ ಕಾಲದಲ್ಲಿ ಮರದ ಚೌಕಟ್ಟು ಹಾಕಿಸಿಕೊಂಡು ಮಕ್ಕಳ ಸ್ಲೇಟಾಗುತ್ತಿತ್ತು. ಕಣಿವೆಯ ಮಕ್ಕಳೆಲ್ಲ ನಮ್ಮ ಬೆಟ್ಟದ ಮೇಲೆ ಅಕ್ಷರ ತಿದ್ದಿ, ಎಂಜಲು ಹಚ್ಚಿ ಅಳಿಸಿ, ದೊಡ್ಡವರಾದರು. ಆ ಕಲ್ಲು ಸೀಳಿ ಕೊಟ್ಟವರಿಗೆ ಮಾತ್ರ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಅಂಥ ಕಾಲದಲ್ಲಿ ಮಿಷನ್‌ನಿಂದ ಒಬ್ಬರು ಸಿಸ್ಟರ್ ಬಂದರು. ಶಾಲೆ ಮಾಡಲು ಬಂದವರಲ್ಲ, ಕೆಮ್ಮಿಗೆ ಔಷಧ ಕೊಡಲು ಬಂದ ನರ್ಸು. ಸೋಡಾಬಾಟಲಿಯ ತಳದಂಥ ಕನ್ನಡಕ ಹಾಕುತ್ತಿದ್ದರಂತೆ, ಅದಕ್ಕೇ ಊರವರ ಬಾಯಲ್ಲಿ ಕನ್ನಡಕದ ಸಿಸ್ಟರ್ ಆದರು. ಕ್ವಾರಿಯಲ್ಲಿ ಬಂಡೆಗೆ ಮದ್ದು ಇಡುವಾಗ ಕೊಂಬು ಊದಿ ಎಚ್ಚರಿಸುವುದು ಪದ್ಧತಿ. ಒಂದು ದಿನ ಕೊಂಬು ಕೆಟ್ಟಿತ್ತು. ಕ್ವಾರಿಯ ಗುಮಾಸ್ತ ಹಲಗೆಯ ಮೇಲೆ ‘ನಿಲ್ಲಿ, ಮದ್ದು ಇಟ್ಟಿದೆ’ ಅಂತ ಸುಣ್ಣದಲ್ಲಿ ಬರೆದು ದಾರಿಯ ಮಧ್ಯೆ ನಿಲ್ಲಿಸಿದ. ನನ್ನ ತಾತ ಮಧ್ಯಾಹ್ನದ ಊಟ ಮುಗಿಸಿ ಕೆಲಸಕ್ಕೆ ವಾಪಸು ಹೊರಟಿದ್ದ. ಯಾರೋ ಮರೆತು ಬಿಟ್ಟುಹೋದ ಹಲಗೆ, ಬರೋ ಹೋಗೋರ ಕಾಲಿಗೆ ತಗುಲೀತು ಅಂದುಕೊಂಡು ಅದನ್ನು ಜೋಪಾನವಾಗಿ ಎತ್ತಿ ಪಕ್ಕದ ಗೋಡೆಗೆ ಒರಗಿಸಿದ. ಮುಂದೆ ನಡೆದ.

ಅತ್ತೆ ಆಗ ಲಂಗ ಎತ್ತಿಕಟ್ಟಿ ಕುಣಿಯುವ ವಯಸ್ಸಿನ ಹುಡುಗಿ. ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ.

ಮಣ್ಣು ಮಾಡಿದ ಮೇಲೆ ಸಿಸ್ಟರ್ ಆ ಹಲಗೆಯನ್ನು ಹುಡುಕಿ ತಂದು ಔಷಧಾಲಯದ ಜಗುಲಿಯಲ್ಲಿ ನಿಲ್ಲಿಸಿದರು. ಮಕ್ಕಳನ್ನು ಕಳಿಸಿ ಅಂತ ಮನೆಮನೆಗೆ ಹೇಳಿದರು. ಮೊದಲು ಬಂದವಳು ಅತ್ತೆ. ಗಂಡನನ್ನು ಕಳೆದುಕೊಂಡ ನನ್ನಜ್ಜಿ ತಾನೇ ಕೈಹಿಡಿದು ತಂದು ಕೂರಿಸಿದಳಂತೆ. ಅ ಆ ಇ ಈ ಎಲ್ಲ ಆಮೇಲೆ ಬಂತು. ನಮ್ಮ ಶಾಲೆಯಲ್ಲಿ ಮೊದಲು ಕಲಿಸಿದ ಮಾತು ‘ನಿಲ್ಲಿ’. ಮುಂದೊಂದು ದಿನ ಶಾಲೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ನಕ್ಕು, “ಒತ್ತಕ್ಷರದಿಂದ ಯಾರಾದರೂ ಶುರು ಮಾಡ್ತಾರಾ ಸಿಸ್ಟರ್?” ಅಂತ ಕೇಳಿದರೆ, “ಈ ಊರಲ್ಲಿ ಸಾವು ಅಕ್ಷರಮಾಲೆ ನೋಡಿಕೊಂಡು ಬರೋದಿಲ್ಲ ಸಾರ್,” ಅಂದರಂತೆ.

ಶಾಲೆಯ ಕಟ್ಟಡ ಕಟ್ಟಿದ್ದೂ ಕ್ವಾರಿಯ ಕೆಲಸಗಾರರೇ. ಅವರಿಗೆ ಬಿಡುವು ಭಾನುವಾರ ಮಾತ್ರ. ಭಾನುವಾರ ದುಡಿಯುವುದು ಪಾಪ ಅಂತ ಆಗಿನ ಪಾದ್ರಿ ಅಡ್ಡ ಬಂದರು. “ಆಟ ಆಡಬಹುದಾ?” ಅಂತ ಸಿಸ್ಟರ್ ಕೇಳಿದರು. ಆಡಬಹುದು ಅಂದರು ಪಾದ್ರಿ. “ಹಾಗಾದರೆ ಇವರು ಕಲ್ಲಾಟ ಆಡ್ತಿದ್ದಾರೆ ಅಂದ್ಕೊಳ್ಳಿ.” ಹೀಗೆ ಆಡುತ್ತಾ ಆಡುತ್ತಾ ಎರಡು ಕೋಣೆ, ಒಂದು ಜಗುಲಿ ಎದ್ದು ನಿಂತವು.

ಅತ್ತೆ ಅಲ್ಲೇ ಓದಿ, ಕಣಿವೆಗೆ ಹೋಗಿ ಟೀಚರ್ ತರಬೇತಿ ಮುಗಿಸಿ ವಾಪಸು ಬಂದಳು. ವಯಸ್ಸಾದ ಸಿಸ್ಟರ್ ತಮ್ಮ ದೇಶಕ್ಕೆ ಹೊರಟಾಗ ಶಾಲೆಯ ಬೀಗದಕೈ ಅವಳ ಕೈಗಿಟ್ಟರು. ಮದುವೆಯ ಮಾತೆತ್ತಿದವರಿಗೆಲ್ಲ, “ಒಂದು ಊರಿನಷ್ಟು ಮಕ್ಕಳಿರೋಳನ್ನ ಯಾರು ಮಾಡ್ಕೋತಾರೆ?” ಅಂತ ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ನಾನು ಓದು ಮುಗಿಸಿ ಅದೇ ಶಾಲೆಯಲ್ಲಿ ಒಂದನೇ ತರಗತಿಗೆ ಟೀಚರ್ ಆಗಿ ಸೇರಿದೆ. ಮನೆಯಲ್ಲಿ ಅವಳಿಗೆ ‘ನೀನು’, ಶಾಲೆಯ ಮೆಟ್ಟಿಲು ಹತ್ತಿದರೆ ‘ನೀವು’. ಮರೆತು ಒಮ್ಮೆ ಮಕ್ಕಳ ಮುಂದೆ ‘ಅತ್ತೆ’ ಅಂದದ್ದಕ್ಕೆ ನನ್ನನ್ನು ಜಗುಲಿಯಲ್ಲಿ ನಿಲ್ಲಿಸುವುದೊಂದು ಬಾಕಿ ಇತ್ತು.

ಆ ಭಾನುವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಅಮ್ಮ ಬಡಿಸಿದ ಸಾರು ಆರಿ ತಣ್ಣಗಾಯಿತು.

“ನಿನಗೆ ಯಾವತ್ತಿಂದ ಗೊತ್ತು?” ಅಂತ ಅತ್ತೆ ಕೇಳಿದಳು.

“ಹೋದ ತಿಂಗಳು ಮ್ಯಾನೇಜರ್ ಹೇಳಿದ್ರು,” ಅಂದ ಅಪ್ಪ. “ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ ಅಕ್ಕ.”

“ಬಾಯಿಂದ ಹೇಳಬೇಕಿತ್ತು.”

ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. “ಕೇಳು ಇಲ್ಲಿ. ಪಶ್ಚಿಮದ ಕಡೆ ಬಂಡೆ ಮುಗೀತಾ ಬಂತು. ಈಗ ಬರ್ತಿರೋದು ಬರೀ ಪುಡಿ, ಉಳಿ ಇಟ್ಟರೆ ಹಪ್ಪಳದ ಹಾಗೆ ಒಡೆಯುತ್ತೆ. ಒಳ್ಳೆ ಪದರ ಇರೋದು ಶಾಲೆ ಕೆಳಗೆ. ಅದು ಸಿಗದಿದ್ರೆ ಬರೋ ವರ್ಷ ಕ್ವಾರಿಗೆ ಬೀಗ. ಆಮೇಲೆ ಮಕ್ಕಳ ಅಪ್ಪಂದಿರು ಗಂಟುಮೂಟೆ ಕಟ್ಟಿಕೊಂಡು ಊರು ಬಿಡ್ತಾರೆ. ಖಾಲಿ ಊರಲ್ಲಿ ಯಾರಿಗೆ ಪಾಠ ಹೇಳ್ತೀಯ? ಗೋಡೆಗಾ?”

“ಕಣಿವೆಗೆ ಹೋದ್ರೆ ಹುಡುಗಿಯರ ಓದು ಅಲ್ಲಿಗೆ ಮುಗೀತು. ಯಾವ ಅಪ್ಪ ಕಳಿಸ್ತಾನೆ? ನೀನು ನಿನ್ನ ಮಗಳನ್ನ ಆ ವಯಸ್ಸಲ್ಲಿ ಕಳಿಸ್ತಿದ್ದೆಯಾ?”

ಅಪ್ಪ ನನ್ನ ಮುಖ ನೋಡಿದ.

“ಇಬ್ಬರದ್ದೂ ಸರಿ ಇದೆ,” ಅಂದಳು ಅಮ್ಮ. “ಈಗ ಊಟ ಮಾಡಿ. ಜಗಳಕ್ಕೂ ಹೊಟ್ಟೆ ತುಂಬಿರಬೇಕು.”

ಅತ್ತೆ ಊಟ ಮಾಡಲಿಲ್ಲ. ಶಾಲು ಹೊದ್ದು ಶಾಲೆಗೆ ಹೋದಳು. ಸಂಜೆ ನಾನು ಕರೆಯಲು ಹೋದಾಗ ಜಗುಲಿಯ ಕಂಬಕ್ಕೆ ಒರಗಿ ಕೂತು ಕ್ವಾರಿಯ ಕಡೆ ನೋಡುತ್ತಿದ್ದಳು. ಪಶ್ಚಿಮದ ಹೊಂಡ ಹಲ್ಲು ಕಳಚಿದ ಬಾಯಿಯ ಹಾಗೆ ಕಾಣುತ್ತಿತ್ತು. ಅವಳು ಅಪ್ಪನ ಮಾತನ್ನು ಕಣ್ಣಾರೆ ಪರೀಕ್ಷೆ ಮಾಡುತ್ತಿದ್ದಾಳೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಅಪ್ಪ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಎದುರಿಗೆ ಬಂದು ನಿಂತಳು.

“ನೀನು ಹೇಳಿದ್ದು ನಿಜ. ಬಂಡೆ ಮುಗಿದಿದೆ. ಶಾಲೆ ಜಾಗ ಬಿಡಲಿ.”

ಅಪ್ಪನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ.

“ಆದ್ರೆ ಕೆಳಗೆ ಹೋಗೋದಿಲ್ಲ. ಮೇಲೆ ಹೋಗುತ್ತೆ. ಮಂದೆ ಮೈದಾನಕ್ಕೆ.”

ಮಂದೆ ಮೈದಾನ ಅಂದರೆ ನಮ್ಮ ಊರಿಗೂ ಮೇಲಿನ ಕುರಿಗಾಹಿಗಳ ಹಟ್ಟಿಗೂ ನಡುವಿನ ಸಮತಟ್ಟು ಜಾಗ. ಅದು ಹಟ್ಟಿಯವರದ್ದು. ಅವರಿಗೂ ನಮಗೂ ಎಣ್ಣೆ ಸೀಗೇಕಾಯಿ. ಕ್ವಾರಿಯಲ್ಲಿ ಒಡೆದುಹೋದ ಚಪ್ಪಡಿಗಳನ್ನೆಲ್ಲ ಅವರ ಬುಗ್ಗೆಯ ಪಕ್ಕದಲ್ಲೇ ಸುರಿದು ಸುರಿದು ಅದೊಂದು ಚೂರುಗುಡ್ಡೆಯಾಗಿ ಬೆಳೆದಿತ್ತು. ಮಳೆ ಬಂದರೆ ಬುಗ್ಗೆಯ ನೀರು ಪಾತ್ರೆ ತೊಳೆದ ನೀರಿನ ಹಾಗೆ ಬೂದು. ಹಟ್ಟಿಯವರು ಮಕ್ಕಳನ್ನು ಶಾಲೆಗೆ ಕಳಿಸುತ್ತಿರಲಿಲ್ಲ, ನಮ್ಮವರು ಅವರನ್ನು ಕರೆಯುತ್ತಲೂ ಇರಲಿಲ್ಲ.

“ಅವರು ಜಾಗ ಕೊಡ್ತಾರಾ? ನಾಯಿ ಬಿಡ್ತಾರೆ,” ಅಂದ ಅಪ್ಪ.

“ಬಿಡಲಿ. ನಾನೇನು ಮಂದೆ ಕದಿಯೋಕೆ ಹೋಗ್ತಿಲ್ಲ.”

ಆ ಸಂಜೆ ನಾನೂ ಅವಳ ಜೊತೆ ಹೋದೆ. ನಾಯಿ ಬಿಡಲಿಲ್ಲ, ತಾನಾಗಿಯೇ ಬಂತು. ಅತ್ತೆ ಅದಕ್ಕೆ “ಕೂತ್ಕೋ” ಅಂತ ಶಾಲೆಯ ದನಿಯಲ್ಲಿ ಗದರಿಸಿದಳು. ಅದು ಕೂತಿತು. ಹಟ್ಟಿಯ ಯಜಮಾನಿಯನ್ನು ಎಲ್ಲರೂ ಮಂದೆಯಜ್ಜಿ ಅನ್ನುತ್ತಿದ್ದರು. ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದ ಮುದುಕಿ ನಾಯಿ ಕೂತದ್ದನ್ನು ನೋಡಿ ಹುಬ್ಬೇರಿಸಿದಳು.

“ಅದು ನನ್ನ ಮಾತೇ ಕೇಳಲ್ಲ. ಯಾರಮ್ಮ ನೀನು?”

“ಕೆಳಗಿನ ಶಾಲೆ ಟೀಚರು, ಅಜ್ಜಿ.”

“ಏನು ಬೇಕು?”

“ಮೈದಾನ.”

ಅಜ್ಜಿ ಉಣ್ಣೆ ಕೆಳಗಿಟ್ಟಳು. ಅತ್ತೆ ಸುತ್ತಿ ಬಳಸದೆ ನಡೆದದ್ದೆಲ್ಲ ಹೇಳಿದಳು. ಅಜ್ಜಿ ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅತ್ತೆಯ ಮುಂದೆ ಇಟ್ಟಳು. ಬಾಯಾರಿಕೆಗೆ ಅಂದುಕೊಂಡೆ. ಬಗ್ಗಿ ನೋಡಿದರೆ ತಳದಲ್ಲಿ ಬೂದು ಕೆಸರು.

“ಕುಡಿ,” ಅಂದಳು ಅಜ್ಜಿ.

ಅತ್ತೆ ಚೊಂಬು ಎತ್ತಿದಳು. ನಾನು ಬೇಡ ಅನ್ನುವಷ್ಟರಲ್ಲಿ ಅರ್ಧ ಕುಡಿದು ಬಾಯಿ ಒರೆಸಿಕೊಂಡಳು. “ಇದನ್ನ ಮಕ್ಕಳು ಕುಡೀತಿದ್ದಾರಾ?”

“ಮತ್ತೇನು ನಿಮ್ಮ ಕ್ವಾರಿಯವರು ಪನ್ನೀರು ಕಳಿಸ್ತಾರಾ? ಆ ಗುಡ್ಡೆ ತೆಗೆಸು. ಬುಗ್ಗೆ ತಿಳಿಯಾಗಲಿ. ಮೈದಾನ ತಗೋ. ನಮ್ಮ ಮಕ್ಕಳೂ ಬರ್ತಾರೆ. ಹಿಂದಿನ ಬೆಂಚಲ್ಲಿ ಕೂರಿಸಿದ್ರೆ ಮಾತ್ರ ನಾನೇ ಬಂದು ಮುಂದೆ ಕೂತ್ಕೋತೀನಿ.”

ಇಳಿಯುವಾಗ ಅತ್ತೆಯ ಹೆಜ್ಜೆ ಎಲ್ಲೂ ನಿಧಾನವಾಗಲಿಲ್ಲ. ಮನೆಗೆ ಬಂದವಳೇ ಅಪ್ಪನನ್ನು ಹೊರಗೆ ಕರೆದಳು. “ಚೂರುಗುಡ್ಡೆ ತೆಗೀಬೇಕು.”

“ಅಷ್ಟು ಕಲ್ಲು ಎಲ್ಲಿ ಹಾಕಲಿ, ನಿನ್ನ ತಲೆ ಮೇಲಾ?”

“ಗೋಡೆಗೆ ಹಾಕು. ಶಾಲೆ ಗೋಡೆಗೆ.”

ಅಪ್ಪ ತಿರುಗಿ ಮೈದಾನದ ಕಡೆ ನೋಡಿದ. ಚೂರುಗುಡ್ಡೆಯ ಕಲ್ಲು ಚಾವಣಿಗೆ ಬಾರದು, ಮಾರಲು ಬಾರದು. ಆದರೆ ಒಂದರ ಮೇಲೊಂದು ಪೇರಿಸಿದರೆ ಗೋಡೆಗೆ ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಗುಡ್ಡೆಯಿಂದ ಮೈದಾನ ಕೂಗಿದರೆ ಕೇಳುವಷ್ಟು ಹತ್ತಿರ. ಅಪ್ಪನ ಕಣ್ಣು ಆಗಲೇ ಅಡಿಪಾಯ ಅಳೆಯುತ್ತಿರುವುದು ನನಗೆ ಕಾಣಿಸಿತು. ಅವನು ಎಷ್ಟಾದರೂ ಮೇಸ್ತ್ರಿ.

“ಮಿಷನ್‌ನವರು ಒಪ್ಪಬೇಕಲ್ಲ,” ಅಂದ ಮೆಲ್ಲಗೆ.

ಅದಕ್ಕಾಗಿ ಅತ್ತೆ ನನ್ನನ್ನೂ ಕರೆದುಕೊಂಡು ಕಣಿವೆಗೆ ಇಳಿದಳು. ಮಿಷನ್ ಕಚೇರಿಯ ಕೋಣೆ ಬೆಚ್ಚಗಿತ್ತು. ಗೋಡೆಯ ತುಂಬ ಶಾಲೆಗಳ ಫೋಟೋ, ಎಲ್ಲ ಚೌಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದರು. ನಮ್ಮ ಶಾಲೆಯದು ಬಾಗಿಲ ಹಿಂದಿತ್ತು. ಬಾಗಿಲು ಮುಚ್ಚಿದಾಗ ಮಾತ್ರ ಕಾಣಿಸುವಂತೆ. ಕಾರ್ಯದರ್ಶಿ ಸಾರ್ ಒಳ್ಳೆಯ ಮನುಷ್ಯರೇ. ಕೂರಲು ಹೇಳಿದರು, ಚಹಾ ತರಿಸಿದರು.

“ನಿಮ್ಮ ಸೇವೆ ಯಾರೂ ಮರೆತಿಲ್ಲ ಟೀಚರ್. ಇಲ್ಲೇ ಕ್ವಾರ್ಟರ್ಸ್ ಕೊಡ್ತೀವಿ. ಇನ್ನು ಮೇಲಾದರೂ ಆರಾಮಾಗಿರಿ.”

“ಆರಾಮು ಬೇಡ ಸಾರ್. ಶಾಲೆಗೆ ಒಪ್ಪಿಗೆ ಕೊಡಿ. ಜಾಗ ಸಿಕ್ಕಿದೆ, ಕಲ್ಲು ಇದೆ, ಕಟ್ಟೋರಿದ್ದಾರೆ.”

“ತೀರ್ಮಾನ ಆಗಿಹೋಗಿದೆ. ಹಾಸ್ಟೆಲ್‌ಗೆ ಮಂಚ ಕೂಡ ಬಂದಿವೆ. ನೀವು ಹಟ ಮಾಡಿ ಕಟ್ಟಿದರೂ ಅದು ಮಿಷನ್ ಶಾಲೆ ಆಗೋದಿಲ್ಲ. ಆ ಹೆಸರು ಹಾಕೋ ಹಾಗಿಲ್ಲ.”

ಅತ್ತೆ ಚಹಾ ಮುಗಿಸಿ ಲೋಟ ಮೇಜಿನ ಮೇಲಿಟ್ಟಳು. “ಹೆಸರು ನೀವೇ ಇಟ್ಕೊಳ್ಳಿ ಸಾರ್. ಮಕ್ಕಳನ್ನ ನಾನು ಇಟ್ಕೋತೀನಿ.”

ಹೊರಗೆ ಬಂದವಳು ಮುಚ್ಚಿದ ಬಾಗಿಲನ್ನು ತಿರುಗಿ ನೋಡಿದಳು. ಅಂಥ ಕೋಣೆಯಲ್ಲಿ ಅಂಥ ಮಾತು ಅವಳು ಜೀವಮಾನದಲ್ಲಿ ಆಡಿರಲಿಲ್ಲ. “ಜಾಸ್ತಿ ಆಯ್ತಾ?” ಅಂತ ನನ್ನನ್ನು ಕೇಳಿದಳು. “ಇಲ್ಲ ಟೀಚರ್,” ಅಂದೆ. “ಇಲ್ಲಿ ಅತ್ತೆ ಅನ್ನಬಹುದು,” ಅಂದಳು.

ಮಾರನೇ ದಿನದಿಂದ ಕೆಲಸ ಶುರುವಾಯಿತು. ಕ್ವಾರಿಯ ಪಾಳಿ ಮುಗಿಸಿ ಬೆಳಕಿರುವವರೆಗೆ ಗಂಡಸರು ಚೂರುಗುಡ್ಡೆ ಕರಗಿಸಿದರು. ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಹಟ್ಟಿಯವರು ಮೊದಲು ದೂರದಲ್ಲಿ ನಿಂತು ನೋಡಿದರು. ಗುಡ್ಡೆ ಸೊಂಟದೆತ್ತರಕ್ಕೆ ಇಳಿದಾಗ ಅವರಲ್ಲೊಬ್ಬ ಬಂದು ಹಾರೆ ಹಿಡಿದ, ಮರುದಿನ ಅವನ ಅಣ್ಣತಮ್ಮಂದಿರು ಬಂದರು. ಎಲ್ಲವೂ ಚೆನ್ನಾಗಿಯೇ ನಡೆಯಿತು ಅಂತಲ್ಲ. ಉತ್ತರದ ಗೋಡೆ ಒಂದು ಬಿರುಗಾಳಿಗೆ ಅಂಗಾತ ಮಲಗಿತು. ಇಬ್ಬರು ಬೇಸತ್ತು, ತಮ್ಮ ಮಕ್ಕಳು ಕಣಿವೆಗೇ ಹೋಗಲಿ ಅಂತ ಹೊರಟುಹೋದರು. ಅಪ್ಪ ಬಿದ್ದ ಗೋಡೆಯ ಸುತ್ತ ಒಂದು ಸುತ್ತು ಹಾಕಿ, “ಕಲ್ಲಿನ ತಪ್ಪಲ್ಲ, ಅಡಿಪಾಯ ಆಳ ಸಾಲದು,” ಅಂದು ಮತ್ತೆ ತೋಡಲು ನಿಂತ.

ಕ್ವಾರಿಯ ಮ್ಯಾನೇಜರ್‌ಗೆ ಅವಸರ. ಹಿಮ ಬೀಳುವ ಮೊದಲು ಹಳೇ ಶಾಲೆಯ ಜಾಗ ತೆರವಾಗಬೇಕಿತ್ತು. “ಹೊಸದಕ್ಕೆ ಚಾವಣಿ ಹಾಕೋವರೆಗೆ ಹಳೇದನ್ನ ನನ್ನ ಜನ ಮುಟ್ಟಲ್ಲ ಸಾರ್,” ಅಂತ ಅಪ್ಪ ಹೇಳಿಬಿಟ್ಟಿದ್ದ. ಒಂದು ಬೆಳಿಗ್ಗೆ ಮ್ಯಾನೇಜರ್ ಬುಲ್ಡೋಜರ್ ಸಮೇತ ಶಾಲೆಯ ಅಂಗಳಕ್ಕೆ ಬಂದರು. ಕಿಟಕಿಯ ಗಾಜು ಗಡಗಡ ನಡುಗಿತು. ನನ್ನ ತರಗತಿಯ ಮಕ್ಕಳು ನನ್ನ ಸೆರಗು ಹಿಡಿದುಕೊಂಡರು. ಪಕ್ಕದ ಕೋಣೆಯಲ್ಲಿ ಅತ್ತೆ ಮಗ್ಗಿ ಹೇಳಿಸುತ್ತಿದ್ದಳು. ಅದು ನಿಲ್ಲಲಿಲ್ಲ, ದನಿ ಮಾತ್ರ ಒಂದು ಮೆಟ್ಟಿಲು ಏರಿತು.

ಬುಲ್ಡೋಜರ್ ಓಡಿಸುತ್ತಿದ್ದವನು ಇಂಜಿನ್ ಆರಿಸಿದ.

“ಯಾಕಯ್ಯಾ?” ಅಂದರು ಮ್ಯಾನೇಜರ್.

“ಒಳಗೆ ಪಾಠ ನಡೀತಿದೆ ಸಾರ್.”

“ನಡೀಲಿ. ಕಾಂಪೌಂಡ್ ಗೋಡೆ ತಳ್ಳು, ತಾವಾಗೇ ಹೊರಗೆ ಬರ್ತಾರೆ.”

ಡ್ರೈವರ್ ತಲೆ ಕೆರೆದುಕೊಂಡ. “ದೊಡ್ಡ ಟೀಚರ್ ಮಗ್ಗಿ ಹೇಳಿಸುವಾಗ ಮಧ್ಯೆ ಸದ್ದು ಮಾಡಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ಲ ಸಾರ್. ನನಗೆ ಗೊತ್ತು.” ಕೆಳಗಿಳಿದು, ಟೋಪಿ ತೆಗೆದು, ಬೀಗದಕೈಯನ್ನು ಮ್ಯಾನೇಜರ್ ಕೈಗಿಟ್ಟು, ಗೋಡೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತ.

ಮ್ಯಾನೇಜರ್ ಇನ್ನೊಬ್ಬನನ್ನು ಕರೆದರು. ಅವನೂ ತಲೆ ತಗ್ಗಿಸಿದ. ಮೂರನೆಯವನು ಕಾಣೆಯಾಗಿದ್ದ. ಕೊನೆಗೆ ಅಪ್ಪನ ಕಡೆ ತಿರುಗಿ, “ಏನು ಮೇಸ್ತ್ರಿ, ಈ ಊರಲ್ಲಿ ಎಲ್ಲರೂ ಆ ಹೆಂಗಸಿನ ಶಿಷ್ಯರೇನಾ?” ಅಂದರು.

“ಹೌದು ಸಾರ್. ನಾನೂ ಕೂಡ. ಅವಳು ನನ್ನಕ್ಕ. ನನಗೆ ಉಳಿದವರಿಗಿಂತ ಹೆಚ್ಚು ಏಟು ಬಿದ್ದಿದೆ.”

ಮ್ಯಾನೇಜರ್‌ಗೆ ನಗು ಬಂತೋ ಸಿಟ್ಟು ಬಂತೋ ಹೇಳಲಾರೆ. “ಹಿಮ ಬೀಳೋವರೆಗೆ ಕಾಯ್ತೀನಿ. ಆಮೇಲೆ ಒಂದು ದಿನ ಹೆಚ್ಚಿಲ್ಲ,” ಅಂದು ಹೊರಟುಹೋದರು.

ಗೋಡೆ ಎದ್ದ ಮೇಲೆ ಚಾವಣಿಯ ಪ್ರಶ್ನೆ ಬಂತು. ಅಷ್ಟುದ್ದದ ತೊಲೆಗಳಿಗೆ ಬೆಟ್ಟದಲ್ಲಿ ಈಗ ಮರವಿಲ್ಲ. ಇದ್ದದ್ದು ಒಂದೇ ಕಡೆ, ಹಳೇ ಶಾಲೆಯ ತಲೆ ಮೇಲೆ. ಅದನ್ನು ಬಿಚ್ಚಿದರೆ ಹೊಸದು ಮುಗಿಯುವವರೆಗೆ ಮಕ್ಕಳಿಗೆ ಸೂರಿಲ್ಲ. ಅತ್ತೆ ಪಾದ್ರಿಗಳ ಮನೆಗೆ ಹೋದಳು. ಚರ್ಚಿನಲ್ಲಿ ಶಾಲೆ ನಡೆಸಲು ಮೇಲಿನವರ ಅಪ್ಪಣೆ ಬೇಕು ಅಂತ ಅವರು ಹೇಳಬಹುದಿತ್ತು. ಹೇಳಲಿಲ್ಲ, ಚರ್ಚಿನ ಬೀಗದಕೈ ತೆಗೆದು ಅವಳ ಮುಂದಿಟ್ಟರು.

“ಆವತ್ತು ಮಗು ಅತ್ತರೆ ನೋಡಿಕೊಳ್ಳೋರು ಯಾರು ಅಂತ ಕೇಳಿದ್ರಿ,” ಅಂದರು. “ಅದಕ್ಕೆ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಕರ್ಕೊಂಡು ಬನ್ನಿ ಮಕ್ಕಳನ್ನ. ಬೆಂಚಿನ ಮೇಲೆ ಶಾಯಿ ಚೆಲ್ಲಬೇಡಿ ಅಷ್ಟೆ.”

ಅಪ್ಪನೇ ಏಣಿ ಹತ್ತಿದ. ಮೊದಲ ಚಪ್ಪಡಿ ಕಳಚಿದಾಗ ಒಳಗಿನ ಕತ್ತಲೆಗೆ ಬಿಸಿಲಿನ ಕೋಲೊಂದು ಬಿತ್ತು. ಕೆಳಗೆ ನಿಂತಿದ್ದ ಅತ್ತೆ ಅಳುತ್ತಾಳೆ ಅಂದುಕೊಂಡೆ. “ಹುಷಾರಾಗಿ ಇಳಿಸು. ಒಡೆದ್ರೆ ನಿನ್ನ ಸಂಬಳದಲ್ಲಿ ಹಿಡೀತೀನಿ,” ಅಂದಳು. ಗಂಡಸರು ತೊಲೆಗಳನ್ನು ಹೆಗಲ ಮೇಲೆ ಹೊತ್ತರು. ಚಪ್ಪಡಿಗಳನ್ನು ಮಕ್ಕಳು ಹೊತ್ತರು, ದೊಡ್ಡವರು ತಲೆಯ ಮೇಲೆ, ಚಿಕ್ಕವರು ಇಬ್ಬಿಬ್ಬರು ಸೇರಿ ನಡುವೆ ಹಿಡಿದುಕೊಂಡು. ಕಾಲುದಾರಿಯ ತಿರುವು ತಿರುವಿನಲ್ಲೂ ಕಪ್ಪು ಚಪ್ಪಡಿಗಳ ಸಾಲು ಏರುತ್ತಿತ್ತು. ಅರ್ಧ ದಾರಿಯಲ್ಲಿ ಹಟ್ಟಿಯ ಮಕ್ಕಳು ಓಡಿಬಂದು ನಮ್ಮವರ ಕೈಯಿಂದ ಹೊರೆ ಇಸಿದುಕೊಂಡರು. ಹೆಸರೂ ಗೊತ್ತಿಲ್ಲದ ಮಕ್ಕಳು, “ಏಯ್, ಆ ಕಡೆ ಹಿಡಿ,” “ನೀನು ಬಿಡು, ನಾನು ಹಿಡೀತೀನಿ” ಅಂತ ಗದ್ದಲ ಮಾಡುತ್ತ ಹತ್ತಿದರು.

ಅದೇ ವಾರ ಕಣಿವೆಯ ಹಾಸ್ಟೆಲ್ ಬಾಗಿಲು ತೆರೆಯಿತು. ನಮ್ಮ ಬೆಟ್ಟದಿಂದ ಹೋದವರು ಆ ಬೇಸತ್ತವರ ಮಕ್ಕಳಿಬ್ಬರೇ. ಅವರೂ ವಾರ ತುಂಬುವ ಮೊದಲೇ ಅಮ್ಮನ ಹೆಸರು ಹಿಡಿದು ಅತ್ತು, ಜ್ವರ ಬರಿಸಿಕೊಂಡು ವಾಪಸಾದರು. ಹೊಸ ಮಂಚಗಳ ಸಾಲು ಖಾಲಿ ಉಳಿಯಿತು.

ಆಮೇಲೆ ಕಾರ್ಯದರ್ಶಿ ಸಾರ್ ತಾವೇ ಬಂದರು. ಜೀಪು ಬರುವಷ್ಟು ದೂರ ಜೀಪಿನಲ್ಲಿ, ಮುಂದೆ ನಡೆದು. ಮೈದಾನ ತಲುಪುವಷ್ಟರಲ್ಲಿ ಅವರ ಉಸಿರು ಮೇಲಕ್ಕೆ ಹತ್ತಿತ್ತು. ಕಟ್ಟುತ್ತಿದ್ದ ಮೆಟ್ಟಿಲ ಮೇಲೆ ಕೂತರು. ಮಂದೆಯಜ್ಜಿ ಚೊಂಬು ನೀರು ತಂದುಕೊಟ್ಟಳು. ನಾನು ಬೆಚ್ಚಿ ಚೊಂಬಿನೊಳಗೆ ಇಣುಕಿದೆ. ತಳದ ಗೀರು ಕೂಡ ಕಾಣುವಷ್ಟು ತಿಳಿಯಾಗಿತ್ತು. ಅವರು ಗಟಗಟ ಕುಡಿದು, ಗೋಡೆಗಳನ್ನು ನೋಡಿದರು, ತೊಲೆ ಕೂರಿಸುತ್ತಿದ್ದವರನ್ನು ನೋಡಿದರು.

“ಎಷ್ಟು ಜನ ಟೀಚರ್ ಬೇಕಾಗುತ್ತೆ ಇಲ್ಲಿಗೆ?” ಅಂತ ಕೇಳಿದರು.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಎದುರಿಗೆ ಬಂದು ನಿಂತಳು.

“ಒಂದು ಷರತ್ತಿದೆ ಟೀಚರ್,” ಅಂದರು ಅವರು, ಮುಖ ಆ ಕಡೆ ತಿರುಗಿಸಿ. “ಅಪ್ಪಣೆ ಮೀರಿದ್ದನ್ನ ಆಡಳಿತದವರು ಸುಮ್ಮನೆ ಬಿಡೋಕಾಗಲ್ಲ. ಮುಖ್ಯೋಪಾಧ್ಯಾಯಿನಿಯಾಗಿ ಕಣಿವೆಯಿಂದ ಒಬ್ಬರು ಸಿಸ್ಟರ್ ಬರ್ತಾರೆ.”

ಅಪ್ಪ ಮೇಲಿನಿಂದ ದಬದಬ ಇಳಿದುಬಂದ. “ಇದ್ಯಾವ ನ್ಯಾಯ ಸಾರ್? ಬೆವರು ಇವಳದ್ದು, ಕುರ್ಚಿ ಇನ್ಯಾರದ್ದೋ?”

“ನೀನು ತೊಲೆ ನೋಡ್ಕೋ ಹೋಗು,” ಅಂದಳು ಅತ್ತೆ. ಆಮೇಲೆ ಅವರಿಗೆ, “ಕುರ್ಚಿ ಅವರಿಗೇ ಇರಲಿ ಸಾರ್. ನನಗೆ ಒಂದನೇ ತರಗತಿ ಕೊಡಿ.”

ಒಪ್ಪಿದ್ದು ಸುಲಭವಾಗಿ ಕಂಡಿತು. ಆದರೆ ಆ ಸಂಜೆ ಮನೆಯ ಹಿತ್ತಲಲ್ಲಿ ಅವಳು ಕೊಡಲಿ ಹಿಡಿದು ಸೌದೆ ಒಡೆಯುತ್ತಲೇ ಇದ್ದಳು. ಅಮ್ಮ ಸಾಕು ಅಂದರೂ ಕೇಳಲಿಲ್ಲ. ಚಳಿಗಾಲಕ್ಕೆಲ್ಲ ಆಗುವಷ್ಟು ಸೌದೆ ರಾಶಿಬಿತ್ತು. ಕೊಡಲಿ ಇಟ್ಟು ಒಳಗೆ ಬಂದವಳು ನನ್ನನ್ನು ನೋಡಿ, “ನಿನ್ನ ಒಂದನೇ ತರಗತಿ ನಾನು ಕಿತ್ಕೊಂಡೆ. ನೀನು ಎರಡಕ್ಕೆ ಪಾಸು,” ಅಂದಳು. ಕಣ್ಣು ಕೆಂಪಗಿತ್ತು, ನಗು ನಿಜದ್ದೇ ಆಗಿತ್ತು.

ಹಿಮ ಬೀಳುವ ಮೊದಲು ಚಾವಣಿ ಮುಗಿಯಿತು. ಹೊಸ ಸಿಸ್ಟರ್ ಬಂದರು. ಚಿಕ್ಕ ವಯಸ್ಸು, ಚುರುಕು. ಮೊದಲ ದಿನ ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಕೂರಲು ಹಿಂಜರಿದರು. “ಕೂತ್ಕೊಳ್ಳಿ, ಅದು ಗಟ್ಟಿಯಾಗೇ ಇದೆ,” ಅಂದಳು ಅತ್ತೆ. ಹಟ್ಟಿಯ ಮಕ್ಕಳು ಮುಂದಿನ ಬೆಂಚುಗಳಲ್ಲಿ ಕೂತರು. ಅಜ್ಜಿ ಪರೀಕ್ಷೆ ಮಾಡಲು ಎರಡು ಸಲ ಬಂದು ಕಿಟಕಿಯಿಂದ ಇಣುಕಿ ಹೋದಳು.

ಕೆಳಗೆ ಹಳೇ ಶಾಲೆಯ ಗೋಡೆ ಉರುಳಿಸಿದ ದಿನ ಅತ್ತೆ ನೋಡಲು ಹೋಗಲಿಲ್ಲ. ನೆಲ ಅಗೆದು ಮೊದಲ ಮದ್ದು ಸಿಡಿಸಿದಾಗ ನಮ್ಮ ಕಿಟಕಿಗಳು ಝಲ್ ಅಂದವು. ಮಕ್ಕಳೆಲ್ಲ ಅವಳ ಕಡೆ ನೋಡಿದರು. ಅವಳು ಕೈಯಲ್ಲಿದ್ದ ಸೀಮೆಸುಣ್ಣವನ್ನು ಒಂದು ಗಳಿಗೆ ಹಾಗೇ ಹಿಡಿದಿದ್ದಳು. “ಮುಂದಿನ ಸಾಲು ಯಾರು ಓದ್ತೀರಿ?” ಅಂದಳು. ಸಂಜೆ ಅಪ್ಪ ಬಂದು, “ಒಳ್ಳೆ ಪದರ ಅಕ್ಕ, ರೇಷ್ಮೆ ಬಿಚ್ಚಿದ ಹಾಗೆ ಬರುತ್ತೆ,” ಅಂದ. “ಬರಲಿ ಬಿಡು. ನಿಮಗೆಲ್ಲ ಕೆಲಸ ಆಯ್ತು,” ಅಂದಳು.

ಹಿಮ ಕರಗಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಶಾಲು ಹೊದ್ದುಕೊಂಡು, “ಬಾ ನನ್ನ ಜೊತೆ,” ಅಂತ ಕರೆದಳು. ಹಟ್ಟಿಯನ್ನೂ ದಾಟಿ, ಕಲ್ಲು ಮಾತ್ರ ಬೆಳೆಯುವ ಎತ್ತರಕ್ಕೆ ಹತ್ತಿದೆವು. ಅಲ್ಲೊಂದು ಒಂಟಿ ಗುಡಿಸಲು. ಮುಂದೆ ಕುರಿಗಳ ನಡುವೆ ಒಂದು ಹುಡುಗಿ ಕೋಲು ಹಿಡಿದು ನಿಂತಿದ್ದಳು. ಅವಳಪ್ಪ ಹಗ್ಗ ಹೊಸೆಯುತ್ತಿದ್ದ.

“ಇವಳ ವಯಸ್ಸಿನವರೆಲ್ಲ ಶಾಲೆಗೆ ಬರ್ತಿದ್ದಾರೆ,” ಅಂದಳು ಅತ್ತೆ.

“ಇವಳು ಬಂದ್ರೆ ಕುರಿ ಯಾರು ಕಾಯ್ತಾರೆ, ನೀನಾ?”

“ಮೈದಾನದ ಸುತ್ತ ಹುಲ್ಲಿದೆ. ಕುರೀನೂ ಕರ್ಕೊಂಡು ಬರಲಿ. ಕಿಟಕಿಯಿಂದ ಕಾಣುತ್ತೆ.”

ಅವನು ಹಗ್ಗದಿಂದ ಕಣ್ಣೆತ್ತಲಿಲ್ಲ. “ನೋಡೋಣ. ಸೋಮವಾರ ಹೇಳ್ತೀನಿ.”

“ಇವತ್ತೇ ಹೇಳು. ಸೋಮವಾರ ಹೊಸ ಪಾಠ ಶುರು.” ಅತ್ತೆ ಒಂದು ಬಂಡೆ ನೋಡಿಕೊಂಡು ಅದರ ಮೇಲೆ ಕೂತಳು. ಗಾಳಿ ಚಾಕುವಿನ ಹಾಗೆ ಬೀಸುತ್ತಿತ್ತು. ಅವನು ಇನ್ನೊಂದು ಹಗ್ಗ ಹೊಸೆದ. ಇವಳು ಶಾಲು ಬಿಗಿಮಾಡಿಕೊಂಡು ಕೂತೇ ಇದ್ದಳು. ನನ್ನ ಹಲ್ಲು ಕಟಕಟ ಅನ್ನತೊಡಗಿತು.

“ಏನಮ್ಮ, ಇಲ್ಲೇ ಮನೆ ಮಾಡ್ಕೋತೀಯಾ?” ಅಂದ ಅವನು ಕೊನೆಗೆ.

“ನೀನು ಹೂಂ ಅನ್ನದಿದ್ರೆ ಅದೇ ಆಗೋದು.”

ಅವನು ಮಗಳ ಕಡೆ ನೋಡಿದ. ಹುಡುಗಿ ಆಗಲೇ ಕೋಲು ಕೆಳಗಿಟ್ಟು ನಮ್ಮ ಹತ್ತಿರ ಬಂದು ನಿಂತಿದ್ದಳು. ಅಪ್ಪನ ಉತ್ತರಕ್ಕೂ ಕಾಯದೆ ಅತ್ತೆಯನ್ನೇ ಕೇಳಿದಳು.

“ಮಳೆ ಬಂದ್ರೂ ಶಾಲೆ ಇರುತ್ತಾ?”

“ಇರುತ್ತೆ.”

“ಹಿಮ ಬಿದ್ರೆ?”

“ಇರುತ್ತೆ. ಎಲ್ಲಿದೆ ಅಂತ ತೋರಿಸ್ತೀನಿ ಬಾ,” ಅಂದಳು ಅತ್ತೆ. ಹುಡುಗಿಯ ಅಪ್ಪ ಹಗ್ಗ ಕೆಳಗಿಟ್ಟು, “ಕತ್ತಲಾಗೋದರೊಳಗೆ ಕಳಿಸಿಕೊಡು,” ಅಂದ. ಅತ್ತೆ ಮಂಡಿ ನೀವಿಕೊಂಡು ಬಂಡೆಯಿಂದ ಎದ್ದಳು.